ವಾಟರ್ ಕ್ಯಾನ್ ಎತ್ತಬೇಕಾದರೆ ತಟ್ಟೆಯೂ ತುಂಬಬೇಕು



ಕಳೆದ ವಾರ ನಿದ್ದೆಯ ಬಗ್ಗೆ ಓದಿದಿರಿ. ಈ ವಾರ ಊಟದ ಬಗ್ಗೆ. ಆದರೆ ಊಟ ಕಡಿಮೆ ಮಾಡಿ ಎಂದು ಹೇಳಲು ಬಂದಿಲ್ಲ. ಅದನ್ನು ಹೇಳುವ ಮೆಸೇಜುಗಳು ನಿಮಗೆ ದಿನಕ್ಕೆ ನಾಲ್ಕಾದರೂ ಬರುತ್ತವೆ. "ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಎಂಬ ಗಾದೆಯನ್ನು ನಾನೇ ಎಷ್ಟು ಗುಂಪುಗಳಿಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಇವತ್ತು ಅದೇ ಗಾದೆಗೆ ತಕರಾರು ತೆಗೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ನಲವತ್ತು, ಐವತ್ತು ದಾಟಿ ಜಿಮ್‌ಗೆ ಸೇರುವ ನಮ್ಮಲ್ಲಿ ಬಹಳ ಜನ ಭಾರ ಎತ್ತಲು ಶುರು ಮಾಡಿದ ದಿನವೇ ಊಟವನ್ನೂ ಅರ್ಧ ಮಾಡುತ್ತೇವೆ. ಆರು ತಿಂಗಳ ಮೇಲೆ "ಏನೂ ಪ್ರಯೋಜನ ಆಗಲಿಲ್ಲ, ವಯಸ್ಸಾಯ್ತು" ಎಂದು ಬಿಟ್ಟುಬಿಡುತ್ತೇವೆ. ಹೆಚ್ಚಿನ ಸಲ ತಪ್ಪು ಜಿಮ್‌ನದೂ ಅಲ್ಲ, ವಯಸ್ಸಿನದೂ ಅಲ್ಲ. ತಟ್ಟೆಯದು.

ನಾನು ಡಾಕ್ಟರ್ ಅಲ್ಲ. ಹಾಸನದ ಕಡೆಯಿಂದ ಬಂದು ಇಪ್ಪತ್ಮೂರು ವರ್ಷದಿಂದ ಚೆನ್ನೈನಲ್ಲಿ ಕೂತು ಕೆಲಸ ಮಾಡುವವನು. ಇದೇ ತಪ್ಪನ್ನು ಆರು ತಿಂಗಳು ಶ್ರದ್ಧೆಯಿಂದ ಮಾಡಿದವನು. ಅದಕ್ಕೇ ಬರೆಯುತ್ತಿದ್ದೇನೆ.

*ಪ್ಲಾಸ್ಟಿಕ್ ಕುರ್ಚಿಯ ಆ ದಿನ*

2023ರ ಡಿಸೆಂಬರ್ ಮೊದಲ ವಾರ ನಿಮಗೂ ನೆನಪಿರಬೇಕು. ಮಿಚಾಂಗ್ ಚಂಡಮಾರುತ. ವೇಳಚೇರಿ, ಪಳ್ಳಿಕರಣೈ ಕಡೆ ಎಲ್ಲ ನೀರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟಿಲ್ಲ, ಲಿಫ್ಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಮನೆ ಮೂರನೇ ಮಹಡಿ. ಎರಡನೇ ದಿನ ಯಾರೋ ಪುಣ್ಯಾತ್ಮರು ಕೆಳಗೆ ವಾಟರ್ ಕ್ಯಾನ್ ತಂದಿಟ್ಟರು. ನಮ್ಮೂರಿನವರಿಗೆ ಗೊತ್ತಿರಲಿಕ್ಕಿಲ್ಲ, ಚೆನ್ನೈನಲ್ಲಿ ಸಂಸಾರ ಮಾಡಿದ ಎಲ್ಲರಿಗೂ ಗೊತ್ತು ಆ 20 ಲೀಟರಿನ ಕ್ಯಾನ್. ತುಂಬಿದರೆ 20 ಕಿಲೋಗಿಂತ ಸ್ವಲ್ಪ ಹೆಚ್ಚು. ದಿನಾ ಕ್ಯಾನ್ ಹಾಕುವ ಹುಡುಗ ಹೆಗಲ ಮೇಲೆ ಇಟ್ಟುಕೊಂಡು ಸಲೀಸಾಗಿ ಹತ್ತುತ್ತಾನೆ. ನಾನು ಒಂದು ಮಹಡಿ ಹತ್ತಿ ಕ್ಯಾನ್ ಇಳಿಸಿ ಮೆಟ್ಟಿಲ ಮೇಲೆ ಕೂತೆ.

ಮಾರನೇ ದಿನ ಅಮ್ಮನನ್ನು ಅಂಬತ್ತೂರಿನ ನೆಂಟರ ಮನೆಗೆ ಸೇರಿಸೋಣ ಎಂದು ಹೊರಟೆವು. ಅಮ್ಮನಿಗೆ ಎಪ್ಪತ್ತನಾಲ್ಕು. ಆ ಕತ್ತಲೆ ಮೆಟ್ಟಿಲು ಇಳಿಯಲು ಅವಳ ಕಾಲು ಒಪ್ಪಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಇಳಿಸುವುದೆಂದಾಯಿತು. ಒಂದು ಕಡೆ ನಾನು, ಇನ್ನೊಂದು ಕಡೆ ಪಕ್ಕದ ಮನೆಯ ಕಾಲೇಜು ಹುಡುಗ. ಅರ್ಧ ಮಹಡಿ ಇಳಿಯುವಷ್ಟರಲ್ಲಿ ನನ್ನ ಕೈ ನಡುಗಿತು. ಕುರ್ಚಿ ವಾಲಿತು. ಅಮ್ಮ "ಬ್ಯಾಡ ಮಗಾ, ಕೆಳಗಿಡು" ಅಂದಳು. ಕೊನೆಗೆ ವಾಚ್‌ಮನ್ ಓಡಿ ಬಂದು ನನ್ನ ಜಾಗದಲ್ಲಿ ನಿಂತ.

ಊರಲ್ಲಿದ್ದರೆ ಕೂಗಿದರೆ ನಾಲ್ಕು ಜನ ಬರುತ್ತಾರೆ. ಊರು ಬಿಟ್ಟು ಬಂದ ನಮಗೆ ಇಲ್ಲಿ ಇರುವುದು ನಮ್ಮ ನಮ್ಮ ಕೈಕಾಲು. ಅಮ್ಮನನ್ನು ನಾನು ಎತ್ತಬೇಕು. ನಾಳೆ ನನ್ನನ್ನು ಎತ್ತುವುದಕ್ಕೆ ಮಗಳು ಯಾವ ದೇಶದಲ್ಲಿರುತ್ತಾಳೋ ಗೊತ್ತಿಲ್ಲ. ಶಕ್ತಿ ಎನ್ನುವುದು ಕನ್ನಡಿ ಮುಂದೆ ತೋಳು ತೋರಿಸುವ ವಿಷಯವಲ್ಲ ಎಂದು ನನಗೆ ಆ ಮೆಟ್ಟಿಲ ಮೇಲೆ ಅರ್ಥವಾಯಿತು. 2024ರ ಜನವರಿಯಲ್ಲಿ ಜಿಮ್‌ಗೆ ಸೇರಿದೆ. ಆಗ ನನಗೆ ಐವತ್ತು.

*ಆರು ತಿಂಗಳು ಮಾಡಿದ ತಪ್ಪು*

ಮೊದಲ ದಿನ ಎದೆಗೆ 8 ಕಿಲೋ ಡಂಬೆಲ್ ಹಿಡಿದು ಬಸ್ಕಿ ಹೊಡೆದೆ. ಮಾರ್ಚ್ ಹೊತ್ತಿಗೆ 14 ಕಿಲೋ. ಖುಷಿಯಾಯಿತು. ಜೊತೆಗೆ ಹೊಟ್ಟೆಯೂ ಇಳಿಯಲಿ ಎಂದು ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಒಂದು ಕಪ್ ಅನ್ನ, ಸಾಂಬಾರು, ಪಲ್ಯ, ಮಜ್ಜಿಗೆ, ಎರಡು ಸಲ ಫಿಲ್ಟರ್ ಕಾಫಿ, ಸಂಜೆ ಎರಡು ಬಿಸ್ಕತ್ತು, ರಾತ್ರಿ ಪರಂಗಿ ಹಣ್ಣು. ಎಲ್ಲರೂ "ಎಷ್ಟು ಶಿಸ್ತು!" ಎಂದರು.

ಜೂನ್‌ನಲ್ಲೂ ಡಂಬೆಲ್ 14 ಕಿಲೋ. ಕೆಲವು ದಿನ 12 ಕಿಲೋ ಎತ್ತಲೂ ಕಷ್ಟ. ತೂಕ 71ರಿಂದ 65ಕ್ಕೆ ಇಳಿಯಿತು. ಪ್ಯಾಂಟು ಸಡಿಲವಾಯಿತು, ಸರಿ. ಆದರೆ ತೊಡೆಯೂ ತೋಳೂ ಸಣ್ಣಗಾದವು. ರಾತ್ರಿ ಮೂರಕ್ಕೆ ಎಚ್ಚರ. ಬೆಳಿಗ್ಗೆ ಎದ್ದರೆ ಸಿಡುಕು. ಗಿಂಡಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಹೆಚ್ಚು ಏದುಸಿರು. ಜಿಮ್‌ನ ತರಬೇತುದಾರ, ಮಧುರೈ ಕಡೆಯ ಹುಡುಗ, ನನ್ನ ಪುಸ್ತಕ ತಿರುವಿ ನೋಡಿ ಒಂದೇ ಮಾತು ಹೇಳಿದ: "ಸಾರ್, ಮೊದಲ್ಲ ಒಳುಂಗಾ ಸಾಪ್ಪಿಡುಂಗ." ಮೊದಲು ಸರಿಯಾಗಿ ಊಟ ಮಾಡಿ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ನಕ್ಕಳು. "ಉಳುಮೆ ಕಾಲಕ್ಕೆ ಎತ್ತಿಗೆ ಹುರಳಿ ಬೇಯಿಸಿ ಇಡ್ತಿದ್ವಿ. ಬರೀ ಹೊಟ್ಟೆ ಎತ್ತಿನ ಹೆಗಲಿಗೆ ಯಾರಾದ್ರೂ ನೊಗ ಇಡ್ತಾರಾ?" ಅಂದಳು.

*ಲೆಕ್ಕ ಹಾಕಿದಾಗ ಕಂಡದ್ದು*

ಒಂದು ಹಾಳೆ ತೆಗೆದುಕೊಂಡು ನಾನು ತಿಂದದ್ದನ್ನೆಲ್ಲ ಬರೆದೆ. ದಿನಕ್ಕೆ ಹೆಚ್ಚೆಂದರೆ 1,200 ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ, 65 ಕಿಲೋ ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಬೇಕು. 55 ಕಿಲೋ ತೂಕದ ಹೆಂಗಸಿಗೆ 1,660. ಇದು ಜಿಮ್‌ಗೆ ಹೋಗದವರ ಲೆಕ್ಕ! ನಾನು ಭಾರ ಎತ್ತುತ್ತಾ ಅದರ ಅರ್ಧದ ಮೇಲೆ ಸ್ವಲ್ಪ ತಿನ್ನುತ್ತಿದ್ದೆ.

ಪ್ರೋಟೀನ್ ಇನ್ನೂ ಕಷ್ಟ. ಒಂದು ಇಡ್ಲಿಯಲ್ಲಿ ಸುಮಾರು 2 ಗ್ರಾಂ. ಒಂದು ಕಪ್ ಅನ್ನದಲ್ಲಿ 4 ಗ್ರಾಂ. ನಮ್ಮ ತೆಳು ಸಾಂಬಾರಿನ ಒಂದು ಬಟ್ಟಲಲ್ಲಿ 3 ಗ್ರಾಂ. ತಿಳಿಸಾರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಒಟ್ಟು ಕೂಡಿದರೆ ದಿನಕ್ಕೆ 30 ಗ್ರಾಂ ಮುಟ್ಟಲಿಲ್ಲ. ಅದೇ ಸಂಸ್ಥೆಗಳ ಪ್ರಕಾರ ಸಾಮಾನ್ಯ ಮನುಷ್ಯನಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಬೇಕು. ಅಂದರೆ 65 ಕಿಲೋದವರಿಗೆ 54 ಗ್ರಾಂ. ಭಾರ ಎತ್ತುವ ಮಧ್ಯವಯಸ್ಕರಿಗೆ ಪೋಷಣಾ ತಜ್ಞರು ಸಾಮಾನ್ಯವಾಗಿ ಹೇಳುವುದು ಕಿಲೋಗೆ 1.2ರಿಂದ 1.6 ಗ್ರಾಂ. ಅಂದರೆ ನನಗೆ ಕನಿಷ್ಠ 78.

ಯಾಕೆ ಇಷ್ಟು ಬೇಕು? ಭಾರ ಎತ್ತಿದಾಗ ಸ್ನಾಯು ಬೆಳೆಯುವುದಿಲ್ಲ, ಅದಕ್ಕೆ ಬೆಳೆ ಎಂಬ ಸೂಚನೆ ಮಾತ್ರ ಸಿಗುತ್ತದೆ. ಬೆಳೆಯುವುದು ಆಮೇಲಿನ ಒಂದೆರಡು ದಿನದಲ್ಲಿ, ನೀವು ತಿಂದದ್ದರಿಂದ, ಮಲಗಿದಾಗ. ತಿಂದದ್ದೇ ಸಾಲದಿದ್ದರೆ ದೇಹ ಹೊಸದನ್ನು ಕಟ್ಟುವುದಿರಲಿ, ಇದ್ದ ಸ್ನಾಯುವನ್ನೇ ಕರಗಿಸಿ ದಿನದ ಖರ್ಚಿಗೆ ಬಳಸುತ್ತದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ತಾನಾಗಿಯೇ ಕಡಿಮೆಯಾಗುತ್ತದೆ, ಅರವತ್ತರ ನಂತರ ಇನ್ನೂ ವೇಗವಾಗಿ. ಜೊತೆಗೆ, ಇಪ್ಪತ್ತರ ಹುಡುಗನಿಗೆ ಸಾಕಾಗುವಷ್ಟು ಪ್ರೋಟೀನ್‌ಗೆ ಐವತ್ತರ ದೇಹ ಅಷ್ಟು ಸುಲಭವಾಗಿ ಸ್ಪಂದಿಸುವುದಿಲ್ಲ. ವಯಸ್ಸಾದಂತೆ ಕಡಿಮೆ ತಿನ್ನಬೇಕು ಎನ್ನುತ್ತೇವೆ. ಅನ್ನ, ಸಕ್ಕರೆ, ಎಣ್ಣೆಯ ಬಗ್ಗೆ ಆ ಮಾತು ಸರಿ. ಪ್ರೋಟೀನ್ ಬಗ್ಗೆ ಅದು ತಲೆಕೆಳಗು.

*ಕೂನೂರಿನ ಇಲಿಗಳು ಹೇಳಿದ್ದು*

ಇದು ಹೊಸ ಸಂಗತಿಯೇನಲ್ಲ. ಈಗ ಹೈದರಾಬಾದಿನಲ್ಲಿರುವ ಆ ಪೋಷಣಾ ಸಂಸ್ಥೆ ಹುಟ್ಟಿದ್ದು ನಮ್ಮ ಪಕ್ಕದ ನೀಲಗಿರಿಯಲ್ಲಿ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಅದನ್ನು ಒಂದು ಸಣ್ಣ ಪ್ರಯೋಗಾಲಯವಾಗಿ ಆರಂಭಿಸಿದರು. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು. ಮೆಕ್ಯಾರಿಸನ್ ಇಲಿಗಳ ಏಳು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ಪ್ರಾಂತ್ಯದವರ ಊಟ ಹಾಕಿ ಬೆಳೆಸಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ಇದ್ದ ಸಿಖ್ಖರ ಊಟದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಕನ್ನಡಿಗರ ಊಟದ ಇಲಿಗಳು ಐದನೇ ಸ್ಥಾನ. ಕೊನೆಯ ಸ್ಥಾನ ಮದ್ರಾಸಿನ ಬಿಳಿ ಅನ್ನದ ಊಟಕ್ಕೆ.

ಇಲಿಗೂ ಮನುಷ್ಯನಿಗೂ ವ್ಯತ್ಯಾಸವಿದೆ. ಆದರೆ ಯೋಚಿಸಿ ನೋಡಿ, ಐದನೇ ಸ್ಥಾನದಲ್ಲಿದ್ದ ನಾವು ಊರು ಬಿಟ್ಟು ಬಂದು ಏಳನೆಯದಕ್ಕೆ ಇಳಿದೆವಲ್ಲ! ಊರಲ್ಲಿ ರಾಗಿ ಮುದ್ದೆ, ಹುರಳಿಕಾಳಿನ ಬಸ್ಸಾರು, ಅವರೆಕಾಳು, ಜೋಳದ ರೊಟ್ಟಿ, ಜುಣಕ, ಮಡಿಕೆಕಾಳು ಪಲ್ಯ, ಶೇಂಗಾ ಚಟ್ನಿ ಇತ್ತು. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ದೋಸೆ. ಮೂರು ಹೊತ್ತೂ ಅಕ್ಕಿ. ಕಾಳು ಊರಲ್ಲೇ ಉಳಿಯಿತು.

ಇಡ್ಲಿ ದೋಸೆಯನ್ನು ಬೈಯುತ್ತಿಲ್ಲ. ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದು ಈ ಊರಿಗೆ ಉಡುಪಿ ತಿಂಡಿಯ ರುಚಿ ಹತ್ತಿಸಿದ್ದು ನಮಗೆಲ್ಲ ಹೆಮ್ಮೆ. ಆದರೆ ತಿಂಡಿ ಎಂದರೆ ತಿಂಡಿ. ಅದನ್ನೇ ಇಡೀ ದಿನದ ಊಟ ಮಾಡಿಕೊಂಡದ್ದು ನಾವು.

ಇವತ್ತಿನ ಲೆಕ್ಕವೂ ಬೇರೆ ಇಲ್ಲ. ನಮ್ಮ ಚೆನ್ನೈನದೇ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ ಪ್ರಕಾರ, ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಸುಮಾರು 62 ಶೇಕಡಾ ಬರುವುದು ಪಿಷ್ಟದಿಂದ, ಮುಖ್ಯವಾಗಿ ಬಿಳಿ ಅಕ್ಕಿ, ಹಿಟ್ಟು, ಸಕ್ಕರೆಯಿಂದ. ಅದೇ ಸಮೀಕ್ಷೆ 2023ರಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದಿತ್ತು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯು. ಸ್ನಾಯು ಕಡಿಮೆಯಾದರೆ ಆ ಸಕ್ಕರೆಗೆ ಜಾಗವೂ ಕಡಿಮೆ. ಆದ್ದರಿಂದ ಶಕ್ತಿಯ ವ್ಯಾಯಾಮ ಸಕ್ಕರೆ ಕಾಯಿಲೆಯವರಿಗೂ ಬೇಕಾದದ್ದೇ.

*ತೂಕದ ಯಂತ್ರವನ್ನು ನಂಬಬೇಡಿ*

ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟದ ಬರಹ ಬರೆದರು. ಇಬ್ಬರ ಬಿಎಂಐ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ನಮ್ಮ ಯಾಜ್ಞಿಕ್ ಮೈಯಲ್ಲಿ 21.2 ಶೇಕಡಾ. ತೆಳ್ಳಗೆ ಕಾಣುವ ನಮ್ಮವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಹಾಗಿರುವಾಗ "ಆರು ಕಿಲೋ ಇಳಿಸಿದೆ" ಎಂದು ನಾನು ಬೀಗಿದ್ದರಲ್ಲಿ ಏನರ್ಥ? ಇಳಿದದ್ದು ಕೊಬ್ಬೋ ಸ್ನಾಯುವೋ ಯಂತ್ರ ಹೇಳುವುದಿಲ್ಲ. ಅದರ ಬದಲು ಮೂರು ಸಂಗತಿ ನೋಡಿ. ಜಿಮ್ ಪುಸ್ತಕದಲ್ಲಿ ಎತ್ತುವ ಭಾರ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ? ಹೊಕ್ಕುಳ ಮಟ್ಟದ ಸುತ್ತಳತೆ ಏರದೆ ನಿಂತಿದೆಯೇ? ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಬೇಕು? ಏಷ್ಯಾದ ತಜ್ಞರು 2019ರಲ್ಲಿ ಕೊಟ್ಟ ಅಳತೆಯಂತೆ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಎಚ್ಚರಿಕೆ ಬೇಕು. ಈ ಮೆಸೇಜು ಓದಿ ಮುಗಿಸಿದ ಮೇಲೆ ಮನೆಯವರೆಲ್ಲ ಒಮ್ಮೆ ಮಾಡಿ ನೋಡಿ. ಹಿರಿಯರು ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಿ.

*ಮನೆಯ ಹೆಂಗಸರ ತಟ್ಟೆ*

ಇನ್ನೊಂದು ಹಾಳೆಯಲ್ಲಿ ನನ್ನ ಹೆಂಡತಿಯ ಊಟ ಬರೆದೆವು. ಅವಳಿಗೆ ನಲವತ್ತೇಳು. ವಾರಕ್ಕೆ ಮೂರು ದಿನ ಪಾರ್ಕಿಗೆ, ಎರಡು ದಿನ ಜಿಮ್‌ಗೆ. ಲೆಕ್ಕ ಮಾಡಿದರೆ ಪ್ರೋಟೀನ್ 25 ಗ್ರಾಂ. ನನಗಿಂತ ಕಡಿಮೆ. ಯಾಕೆಂದು ನೋಡಿದರೆ, ಅವಳು ಊಟಕ್ಕೆ ಕೂರುವುದು ಎಲ್ಲರ ಕೊನೆಗೆ. ಸಾಂಬಾರಿನ ತಳದ ಬೇಳೆ ನನಗೂ ಮಗಳಿಗೂ ಬಡಿಸಿ ಆಗಿರುತ್ತದೆ. ಅವಳಿಗೆ ಉಳಿಯುವುದು ಮೇಲಿನ ತಿಳಿ, ಮೊಸರನ್ನ, ಉಪ್ಪಿನಕಾಯಿ. ಸೋಮವಾರ ಒಪ್ಪೊತ್ತು. ಶನಿವಾರ ಫಲಾಹಾರ. ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರ ಮೂಳೆ ಮತ್ತು ಸ್ನಾಯು ಎರಡೂ ವೇಗವಾಗಿ ಸವೆಯುತ್ತವೆ. ಸರಿಯಾಗಿ ಅದೇ ವಯಸ್ಸಿನಲ್ಲಿ ಅವರ ತಟ್ಟೆ ಎಲ್ಲರಿಗಿಂತ ಖಾಲಿ.

ಇದು ಅವಳ ತಪ್ಪಲ್ಲ, ನಮ್ಮ ಮನೆಯ ಪದ್ಧತಿಯ ತಪ್ಪು. ಈಗ ನಾವು ಒಟ್ಟಿಗೆ ಕೂರುತ್ತೇವೆ. ಬೇಳೆ ಮೊದಲು ಅವಳ ತಟ್ಟೆಗೆ. ಉಪವಾಸ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಉಪವಾಸದ ದಿನ ಭಾರ ಎತ್ತಬೇಡಿ, ಹಿಂದಿನ ದಿನ ಮತ್ತು ಮಾರನೇ ದಿನ ಚೆನ್ನಾಗಿ ಊಟ ಮಾಡಿ ಎಂದಷ್ಟೇ ಹೇಳುತ್ತೇನೆ. ಈ ಲೇಖನ ಓದುವ ಗಂಡಸರೇ, ನಿಮ್ಮ ಮನೆಯಲ್ಲಿ ಕೊನೆಗೆ ಯಾರು ಊಟ ಮಾಡುತ್ತಾರೆ, ಅವರ ತಟ್ಟೆಯಲ್ಲಿ ಏನಿರುತ್ತದೆ, ಇವತ್ತು ರಾತ್ರಿ ನೋಡಿ.

*ಹಾಗಾದರೆ ಏನು ತಿನ್ನಬೇಕು?*

ದುಬಾರಿ ಆಹಾರವೇನೂ ಬೇಡ. ನಮ್ಮ ಕಾಳುಗಳೆಲ್ಲ ಇಲ್ಲೇ ಮೂಲೆಯ ಅಂಗಡಿಯಲ್ಲಿವೆ, ಹೆಸರು ಮಾತ್ರ ಬೇರೆ. ಹುರಳಿ ಇಲ್ಲಿ ಕೊಳ್ಳು. ಅವರೆ ಮೊಚ್ಚೈ. ಅಲಸಂದೆ ಕಾರಾಮಣಿ. ಹೆಸರುಕಾಳು ಪಚ್ಚೈ ಪಯರು. ಕಡಲೆಕಾಯಿ ಬೀಜ ವೇರ್ಕಡಲೈ. ಹುರಿಗಡಲೆ ಪೊಟ್ಟುಕಡಲೈ. ರಾಗಿ ಕೇಳ್ವರಗು. ಕರಾವಳಿಯವರಿಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ಬಂಗುಡೆ ಇಲ್ಲಿ ಕಾನಾಂಗೆಳುತ್ತಿ, ಬೂತಾಯಿ ಇಲ್ಲಿ ಮತ್ತಿ.

ಒಂದು ಹೊತ್ತಿಗೆ 20ರಿಂದ 25 ಗ್ರಾಂ ಪ್ರೋಟೀನ್, ಹೀಗೆ ಮೂರು ಹೊತ್ತು. ಇದಿಷ್ಟೇ ಸೂತ್ರ. ಸಸ್ಯಾಹಾರಿಗಳಿಗೆ ಒಂದು ದಿನದ ಮಾದರಿ:

1. ಬೆಳಿಗ್ಗೆ: ಎರಡು ಹಿಡಿ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ಒಂದು ಲೋಟ ಹಾಲು. ಸುಮಾರು 20 ಗ್ರಾಂ.

2. ಮಧ್ಯಾಹ್ನ: ಅನ್ನ ಅಥವಾ ಮುದ್ದೆ, ಗಟ್ಟಿಯಾಗಿ ಮಾಡಿದ ಹುರಳಿಕಾಳು ಅಥವಾ ಅಲಸಂದೆ ಸಾರು, ಪಲ್ಯ, ಒಂದು ಬಟ್ಟಲು ಗಟ್ಟಿ ಮೊಸರು. ಸುಮಾರು 22 ಗ್ರಾಂ.

3. ಸಂಜೆ: ಬಿಸ್ಕತ್ತಿನ ಬದಲು ಒಂದು ಹಿಡಿ ಕಡಲೆಬೀಜ, ಅಥವಾ ಒಂದು ಬಟ್ಟಲು ಕಡಲೆಕಾಳು ಉಸಲಿ. ಮರೀನಾ ಬೀಚಿನ ತೇಂಗಾ ಮಾಂಗಾ ಪಟಾಣಿ ಸುಂಡಲ್ ಕೂಡ ಈ ಲೆಕ್ಕಕ್ಕೆ ಬರುತ್ತದೆ, ಮನೆಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಕಾಫಿ ಸೇರಿ ಸುಮಾರು 8 ಗ್ರಾಂ.

4. ರಾತ್ರಿ: ಎರಡು ಮೂರು ಚಪಾತಿ ಅಥವಾ ರೊಟ್ಟಿ, 75 ಗ್ರಾಂ ಪನೀರ್ ಅಥವಾ ಒಂದು ಹಿಡಿ ಸೋಯಾ ಚಂಕ್ಸ್ ಹಾಕಿದ ಪಲ್ಯ, ಸ್ವಲ್ಪ ಮೊಸರು. ಸುಮಾರು 25 ಗ್ರಾಂ.

ಒಟ್ಟು 75 ಗ್ರಾಂ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಮೀನು ತಿನ್ನುವವರಿಗೆ 100 ಗ್ರಾಂ ಮೀನಿನಲ್ಲಿ 18ರಿಂದ 20 ಗ್ರಾಂ. ಅವರಿಗೆ ಲೆಕ್ಕ ಇನ್ನೂ ಸುಲಭ.

ಅನ್ನವನ್ನು ಪೂರ್ತಿ ಬಿಡಬೇಡಿ. ಭಾರ ಎತ್ತಲು ಬೇಕಾದ ಇಂಧನ ಅದರಲ್ಲೇ ಇದೆ. ಜಿಮ್‌ಗೆ ಹೋಗುವ ಒಂದು ಗಂಟೆ ಮೊದಲು ಬಾಳೆಹಣ್ಣೋ ಎರಡು ಇಡ್ಲಿಯೋ ತಿನ್ನಿ. ಮುಗಿದ ಮೇಲೆ ಎರಡು ಗಂಟೆಯೊಳಗೆ ಊಟವೋ ತಿಂಡಿಯೋ ಮಾಡಿ. ಚೆನ್ನೈ ಬೆವರಿಗೆ ಬರೀ ನೀರು ಸಾಲದು. ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ. ರಕ್ತದೊತ್ತಡ ಇದ್ದವರು ಉಪ್ಪಿನ ಬಗ್ಗೆ ಡಾಕ್ಟರ್ ಹೇಳಿದಂತೆ ಮಾಡಿ.

*ನೀವು ಕೇಳುವ ಪ್ರಶ್ನೆಗಳು*

"ಇಷ್ಟು ತಿಂದರೆ ಹೊಟ್ಟೆ ಬರುವುದಿಲ್ಲವೇ?" ಒಂದೇ ಸಲಕ್ಕೆ ಎರಡರಷ್ಟು ತಿನ್ನಿ ಎಂದು ನಾನು ಹೇಳುತ್ತಿಲ್ಲ. ಈಗ ತೀರಾ ಕಡಿಮೆ ತಿನ್ನುತ್ತಿದ್ದರೆ ದಿನಕ್ಕೆ 200ರಿಂದ 300 ಕ್ಯಾಲೊರಿ ಸೇರಿಸಿ, ಎರಡು ವಾರ ನೋಡಿ, ಮತ್ತೆ ಸ್ವಲ್ಪ ಸೇರಿಸಿ. ನಿಜವಾಗಿಯೂ ತೂಕ ಜಾಸ್ತಿ ಇರುವವರು ಒಟ್ಟು ಊಟ ಹೆಚ್ಚಿಸಬೇಕಿಲ್ಲ. ಎರಡನೇ ಸಲದ ಅನ್ನದ ಬದಲು ಕಾಳು, ಮೊಸರು, ಮೊಟ್ಟೆ ಬರಲಿ, ಸಿಹಿ ಮತ್ತು ಕರಿದದ್ದು ಹೋಗಲಿ. ಅವರು ನಿಧಾನವಾಗಿ ಕೊಬ್ಬು ಇಳಿಸುತ್ತಲೇ ಶಕ್ತಿ ಬೆಳೆಸಬಹುದು. ಆದರೆ ಅರೆಹೊಟ್ಟೆಯಲ್ಲಿ ಯಾರಿಗೂ ಸಾಧ್ಯವಿಲ್ಲ.

"ಪ್ರೋಟೀನ್ ಜಾಸ್ತಿಯಾದರೆ ಕಿಡ್ನಿ ಹಾಳಾಗುತ್ತದಂತೆ?" ಕಿಡ್ನಿ ಆರೋಗ್ಯವಾಗಿದ್ದವರಿಗೆ ಮೇಲೆ ಹೇಳಿದ ಪ್ರಮಾಣದಿಂದ ತೊಂದರೆ ಕಂಡುಬಂದಿಲ್ಲ. ಆದರೆ ಕಿಡ್ನಿ ಕಾಯಿಲೆ ಈಗಾಗಲೇ ಇದ್ದರೆ ಡಾಕ್ಟರನ್ನು ಕೇಳದೆ ಹೆಚ್ಚಿಸಲೇಬೇಡಿ. ಬಹಳ ಜನರಿಗೆ ತಮ್ಮ ಕಿಡ್ನಿ ಹೇಗಿದೆ ಎಂದೇ ಗೊತ್ತಿರುವುದಿಲ್ಲ. ಅದಕ್ಕೇ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ: ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆ, ಬಿ12, ಡಿ ವಿಟಮಿನ್. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರ ಸುಸ್ತನ್ನು ವಯಸ್ಸಿನ ಸುಸ್ತು ಎಂದುಕೊಳ್ಳುತ್ತೇವೆ.

"ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತೀನಿ, ಪರವಾಗಿಲ್ಲವೇ?" ಭಾರ ಎತ್ತಬಹುದು. ಆದರೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯಬಹುದು. ಡಾಕ್ಟರಿಗೆ ಹೇಳಿಯೇ ಶುರು ಮಾಡಿ. ಬಿಪಿ ಇರುವವರು ಉಸಿರು ಬಿಗಿಹಿಡಿದು ಭಾರ ಎತ್ತಬೇಡಿ.

"ಪ್ರೋಟೀನ್ ಪೌಡರ್ ಬೇಕೇ?" ಬೇಕೇಬೇಕು ಎಂದಿಲ್ಲ. ವೇ ಪ್ರೋಟೀನ್ ಎಂದರೆ ಹಾಲಿನಿಂದಲೇ ತೆಗೆದದ್ದು, ವಿಷವೂ ಅಲ್ಲ ಅಮೃತವೂ ಅಲ್ಲ. ಊಟದಲ್ಲಿ ಸಾಲದವರಿಗೆ ಅನುಕೂಲ. ಮೊದಲು ತಟ್ಟೆ ಸರಿ ಮಾಡಿ, ಆಮೇಲೆ ಡಬ್ಬಿಯ ಮಾತು.

"ಬರೀ ಚೆನ್ನಾಗಿ ತಿಂದರೆ ಸಾಲದೇ, ಭಾರ ಎತ್ತಲೇಬೇಕೇ?" ಎತ್ತಬೇಕು. 1994ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧಾಶ್ರಮದ ನೂರು ಹಿರಿಯರ ಮೇಲೆ ನಡೆದ ಪ್ರಯೋಗ ಪ್ರಸಿದ್ಧ. ಭಾರ ಎತ್ತಿದವರ ಶಕ್ತಿ ಎರಡರಷ್ಟಕ್ಕೂ ಮೀರಿ ಹೆಚ್ಚಿತು. ಬರೀ ಪೌಷ್ಟಿಕ ಪಾನೀಯ ಕುಡಿದು ಕೂತವರಿಗೆ ಶಕ್ತಿ ಬರಲಿಲ್ಲ. ಅದಕ್ಕೂ ಮೊದಲು, 1990ರಲ್ಲಿ, ಅದೇ ತಂಡ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಭಾರ ಎತ್ತಿಸಿ ಶಕ್ತಿ ಹೆಚ್ಚಿಸಿ ತೋರಿಸಿತ್ತು. ತೊಂಬತ್ತಕ್ಕೇ ಆಗುವುದಾದರೆ ಐವತ್ತಕ್ಕೆ ವಯಸ್ಸಿನ ನೆಪ ನಡೆಯುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಶಕ್ತಿಯ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ವಾಕಿಂಗ್ ಒಳ್ಳೆಯದು, ಆದರೆ ಅದು ಇದರ ಬದಲಿಗಲ್ಲ.

*ನಮ್ಮ ಗರಡಿಮನೆಯವರಿಗೆ ಇದು ಗೊತ್ತಿತ್ತು*

ಊರಿನ ಪೈಲ್ವಾನರನ್ನು ನೆನಪಿಸಿಕೊಳ್ಳಿ. ಗರಡಿಯಲ್ಲಿ ತಾಲೀಮು ಎಷ್ಟೋ, ಮನೆಯಲ್ಲಿ ಖುರಾಕೂ ಅಷ್ಟೇ. ಹಾಲು, ಬಾದಾಮಿ, ಕಾಳು, ಮೊಟ್ಟೆಗೆ ಅನುಕೂಲವಿಲ್ಲದ ಮನೆಯ ಹುಡುಗನನ್ನು ಕುಸ್ತಿಗೆ ಇಳಿಸಲು ಹಿರಿಯರು ಹಿಂದೆಮುಂದೆ ನೋಡುತ್ತಿದ್ದರು. ಒಂದು ಹೊತ್ತು ಉಂಡವ ಯೋಗಿ ಎಂಬ ಗಾದೆ ಯೋಗಿಗೆ ಸರಿ. ಅವನು ಯಾರ ಕುರ್ಚಿಯನ್ನೂ ಎತ್ತಬೇಕಿಲ್ಲ. ಸಂಸಾರಿಗಳಾದ ನಾವು ಎತ್ತಬೇಕು.

ನನ್ನ ಕಥೆ ಮುಗಿಸುತ್ತೇನೆ. ಜುಲೈ 2024ರಿಂದ ರಾತ್ರಿ ಊಟ ಮತ್ತೆ ಶುರು ಮಾಡಿದೆ, ಪ್ರತಿ ಹೊತ್ತಿಗೂ ಕಾಳು ಅಥವಾ ಮೊಟ್ಟೆ ಸೇರಿಸಿದೆ. ಮೂರನೇ ವಾರಕ್ಕೆ ನಿದ್ದೆ ಸರಿಹೋಯಿತು. ಅಕ್ಟೋಬರ್ ಹೊತ್ತಿಗೆ ಡಂಬೆಲ್ 20 ಕಿಲೋ. ಈಗ 28. ತೂಕ ಎರಡು ಕಿಲೋ ಏರಿ 67ಕ್ಕೆ ನಿಂತಿದೆ, ಸೊಂಟದ ಅಳತೆ ಮಾತ್ರ ಏರಿಲ್ಲ. ವಾಟರ್ ಕ್ಯಾನನ್ನು ಸ್ಟ್ಯಾಂಡಿನ ಮೇಲೆ ನಾನೇ ಎತ್ತಿಡುತ್ತೇನೆ. ವಾರದಲ್ಲಿ ಎರಡು ಸಲ ನನ್ನ ಹೆಂಡತಿ ಎತ್ತಿಡುತ್ತಾಳೆ, ನನ್ನನ್ನು ಹತ್ತಿರಕ್ಕೂ ಬಿಡುವುದಿಲ್ಲ.

ಅಮ್ಮನಿಗೂ ಗಂಜಿಯ ಬದಲು ಈಗ ಮೆತ್ತಗೆ ಬೇಯಿಸಿದ ಹೆಸರುಬೇಳೆ ಪೊಂಗಲ್, ಮೊಸರು, ಒಂದು ಮೊಟ್ಟೆ. ಡಾಕ್ಟರನ್ನು ಕೇಳಿ ದಿನಾ ಬೆಳಿಗ್ಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಿಸುತ್ತೇವೆ. ಮೊದಲು ಎರಡು ಸಲಕ್ಕೆ ಸುಸ್ತಾಗುತ್ತಿದ್ದಳು. ಈಗ ಎಂಟು ಸಲ ಏಳುತ್ತಾಳೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಲಿಫ್ಟ್ ನಿಂತಿತು. ನಾನು ಕುರ್ಚಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಕಂಬಿ ಹಿಡಿದುಕೊಂಡು ನಾಲ್ಕು ಮೆಟ್ಟಿಲು ಇಳಿದು ನಿಂತಿದ್ದಳು. "ಕುರ್ಚಿ ಒಳಗಿಡು ಮಗಾ, ನಿಧಾನಕ್ಕೆ ಇಳೀತೀನಿ" ಅಂದಳು.

ಇವತ್ತು ರಾತ್ರಿ ನಿಮ್ಮ ತಟ್ಟೆಯಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಮನೆಯ ಎಲ್ಲರದ್ದೂ ಬರೆಯಿರಿ. ಉಪಯೋಗವಾಗುತ್ತದೆ ಅನಿಸಿದರೆ ಜಿಮ್‌ಗೆ ಹೋಗುವ ನಿಮ್ಮ ಅಣ್ಣನಿಗೋ ಅಕ್ಕನಿಗೋ ಈ ಲೇಖನ ಕಳಿಸಿ.

ಮುಂದಿನ ವಾರ ಮಂಡಿನೋವಿನ ಬಗ್ಗೆ ಮಾತಾಡೋಣ. ಎಲ್ಲರೂ ಚೆನ್ನಾಗಿರಿ, ಹೊಟ್ಟೆ ತುಂಬ ಊಟ ಮಾಡಿ.